ಕುಂಡದ ಮಲ್ಲಿಗೆಗೆ ಹಳದಿ ಬಂದಾಗ



ರಾಗಿ, ಭತ್ತ, ಜೋಳ, ಕಡಲೆಕಾಯಿಗಳ ಮಾತನ್ನು ನಾವು ಬೇಕಾದಷ್ಟು ಆಡಿದ್ದೇವೆ. ಇವತ್ತು ಹೊಲಕ್ಕೆ ಹೋಗುವುದು ಬೇಡ, ಮನೆಯ ಜಗಲಿಯ ಮೇಲೆಯೇ ಕುಳಿತು ಮಾತಾಡೋಣ. ಜಗಲಿಯ ಮೂಲೆಯಲ್ಲೋ, ಬಚ್ಚಲ ಹಿಂದೆಯೋ, ಮಹಡಿಯ ಮೆಟ್ಟಿಲ ಪಕ್ಕದಲ್ಲೋ ಒಂದು ಕುಂಡ ಇದ್ದೇ ಇರುತ್ತದೆ. ಮಣ್ಣಿನ ಕುಂಡ ಇಲ್ಲದ ಮನೆಯಲ್ಲಿ ಬಣ್ಣದ ಡಬ್ಬಿಯಾದರೂ ಇರುತ್ತದೆ. ಅದರಲ್ಲೊಂದು ದುಂಡುಮಲ್ಲಿಗೆಯ ಗಿಡ. ದೇವರ ಪಟಕ್ಕೆ ನಾಲ್ಕು ಹೂ, ಮಗಳ ಜಡೆಗೆ ಒಂದು ಗೇಣು ಮಾಲೆ, ಅಷ್ಟು ಬಂದರೆ ಸಾಕು, ಮನೆಯವರಿಗೆ ತೃಪ್ತಿ.

ನಮ್ಮ ನಾಡಿನಲ್ಲಿ ಮಲ್ಲಿಗೆಗೆ ಇರುವ ಗೌರವ ಸಣ್ಣದಲ್ಲ. ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರ ಮಲ್ಲಿಗೆ, ಹೂವಿನಹಡಗಲಿಯ ಮಲ್ಲಿಗೆ ಈ ಮೂರಕ್ಕೂ ಅವುಗಳ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತೋಟದಲ್ಲಿ ಬೆಳೆಯುವವರಿಗೆ ಅದು ಜೀವನೋಪಾಯ. ಆದರೆ ಇವತ್ತಿನ ಮಾತು ತೋಟದ ಮಲ್ಲಿಗೆಯದಲ್ಲ, ಮನೆಯಂಗಳದ ಒಂಟಿ ಕುಂಡದ್ದು. ಆ ಗಿಡದ ಎಲೆ ಒಂದು ದಿನ ಇದ್ದಕ್ಕಿದ್ದಂತೆ ಹಳದಿಗೆ ತಿರುಗುತ್ತದೆ. "ಗಿಡಕ್ಕೆ ಕಾಮಾಲೆ ಬಂತು" ಎನ್ನುತ್ತಾರೆ ಮನೆಯವರು. ಆಗ ಏನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಏನು ಮಾಡಬಾರದು? ಇದನ್ನು ತಿಳಿಸುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಮೂರು ವರ್ಷದ ಹಿಂದಿನ ಸಂಗತಿ. ಶ್ರಾವಣ ಮಾಸ. ಹದಿನೈದು ದಿನ ಬಿಡದೆ ಸೋನೆ ಹಿಡಿದಿತ್ತು. ನಾನು ತುಮಕೂರು ಕಡೆಯ ಹಳ್ಳಿಗಳಲ್ಲಿ ರಾಗಿ ಹೊಲಗಳನ್ನು ನೋಡಿಕೊಂಡು ತಿರುಗುತ್ತಿದ್ದೆ. ಮಳೆಗೆ ಸಾರಜನಕ ತೊಳೆದುಹೋಗಿ ಪೈರೆಲ್ಲ ಹಳದಿಯಾಗಿತ್ತು. ಮಳೆ ಹೊಳವಾದ ಮೇಲೆ ಮೇಲುಗೊಬ್ಬರ ಕೊಡಿ, ಯೂರಿಯಾ ಕೊಡಿ ಎಂದು ಹೊಲಹೊಲಕ್ಕೂ ಹೇಳಿ ಹೇಳಿ ಅದೇ ನನ್ನ ಬಾಯಿಪಾಠವಾಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ತಾಯಿ ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿದರು. ಮಲ್ಲಿಗೆ ಗಿಡ, ಎಲೆಯೆಲ್ಲ ಹಳದಿ. "ಏನು ಹಾಕ್ಬೇಕು ಸಾಹೇಬ್ರೆ?" ಎಂದು ಕೇಳಿದ್ದರು. ನಾನು ಹೊಲದ ಬದುವಿನಲ್ಲಿ ನಿಂತುಕೊಂಡೇ ಉತ್ತರ ಕೊಟ್ಟೆ: "ಸಾರಜನಕ ಸಾಲದು ತಾಯಿ. ಒಂದು ಚಮಚ ಯೂರಿಯಾ ಹಾಕಿ ನೀರು ಕೊಡಿ."

ಎರಡು ವಾರ ಕಳೆದು ಅವರ ಊರಿಗೆ ಹೋದೆ. ಆ ತಾಯಿ ಬಾಗಿಲಲ್ಲೇ ಸಿಕ್ಕಿದರು. "ನೀವು ಹೇಳ್ದಂಗೇ ಹಾಕ್ದೆ ಸಾಹೇಬ್ರೆ. ಗಿಡ ಹೋಗೇಬಿಡ್ತು" ಎಂದರು. ಅಷ್ಟೇ. ಒಂದು ಕಟುಮಾತೂ ಇಲ್ಲ. ಒಳಗೆ ಕರೆದು ಕಾಫಿ ಕೊಟ್ಟರು. ಕಾಫಿ ಕುಡಿಯುವಾಗ ತಿಳಿಯಿತು, ಅದು ಅವರು ಮದುವೆಯಾಗಿ ಬರುವಾಗ ತಾಯಿ ಕೊಟ್ಟು ಕಳಿಸಿದ ಗಿಡದ ಕುಡಿಯಂತೆ. ಆ ತಾಯಿ ಈಗಿಲ್ಲ. ತವರಿನ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿದಾಗ ಅಲ್ಲಿದ್ದ ಮೂಲದ ಬಳ್ಳಿಯೂ ಹೋಯಿತು. ಉಳಿದಿದ್ದುದು ಇದೊಂದೇ.

ನಾನು ಎದ್ದು ಹೋಗಿ ಡಬ್ಬಿಯನ್ನು ಮಗುಚಿ ನೋಡಿದೆ. ಹತ್ತು ಲೀಟರಿನ ಬಣ್ಣದ ಡಬ್ಬಿ. ತಳದಲ್ಲಿ ಮೊಳೆ ಕಾಯಿಸಿ ಮಾಡಿದ ಎರಡೇ ತೂತು, ಅವೂ ಮಣ್ಣಿನಿಂದ ಮುಚ್ಚಿಹೋಗಿದ್ದವು. ಡಬ್ಬಿಯನ್ನು ಸಿಮೆಂಟು ನೆಲದ ಮೇಲೆ ಒತ್ತಾಗಿ ಇಟ್ಟಿದ್ದರು. ಮಣ್ಣು ಕೆಸರಿನಂತಿತ್ತು. ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಚರಂಡಿಯ ವಾಸನೆ. ಗಿಡಕ್ಕೆ ಹಸಿವಾಗಿರಲಿಲ್ಲ, ಉಸಿರು ಕಟ್ಟಿತ್ತು. ಉಸಿರು ಕಟ್ಟಿದವನ ಬಾಯಿಗೆ ನಾನು ಊಟ ತುರುಕಿದ್ದೆ.

ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯಿದೆ. ಆ ದಿನ ಕಾಮಾಲೆ ಇದ್ದದ್ದು ಗಿಡಕ್ಕಲ್ಲ, ನನ್ನ ಕಣ್ಣಿಗೆ. ಹದಿನೈದು ದಿನ ರಾಗಿಯ ಹಳದಿ ನೋಡಿ ನೋಡಿ, ಹಳದಿ ಎಂದರೆಲ್ಲ ಸಾರಜನಕದ ಕೊರತೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಡಿಪ್ಲೊಮಾದಲ್ಲಿ ಓದಿದ್ದು ಸುಳ್ಳಲ್ಲ, ಓದಿದ್ದನ್ನು ನೋಡದೆ ಹೇಳಿದ್ದು ತಪ್ಪು. ಅಂದಿನಿಂದ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೇನೆ. ಅದನ್ನೇ ಇವತ್ತು ನಿಮಗೂ ಹೇಳುತ್ತೇನೆ: ಬೇರು ನೋಡದೆ ಗೊಬ್ಬರ ಹಾಕಬೇಡಿ.

ಈಗ ವಿಷಯಕ್ಕೆ ಬರೋಣ. ಎಲೆ ಹಳದಿಯಾಗುವುದು ಎಂದರೇನು? ಎಲೆಯೆಂಬುದು ಗಿಡದ ಅಡಿಗೆಮನೆ. ಬೇರು ಹೀರಿ ಕಳಿಸಿದ ನೀರು, ಗಾಳಿಯಲ್ಲಿರುವ ಇಂಗಾಲಾಮ್ಲ, ಇವೆರಡನ್ನು ಬಿಸಿಲಿನ ಬಲದಿಂದ ಬೇಯಿಸಿ ಗಿಡವು ತನ್ನ ಆಹಾರ ಮಾಡಿಕೊಳ್ಳುತ್ತದೆ. ಈ ಅಡಿಗೆ ಮಾಡುವ ಹಸುರು ವಸ್ತುವಿಗೆ ಪತ್ರಹರಿತ್ತು ಎಂದು ಹೆಸರು. ಪತ್ರಹರಿತ್ತು ಕಡಮೆಯಾದರೆ ಅದರ ಮರೆಯಲ್ಲಿದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ. ಅಂದರೆ ಹಳದಿ ಎಂಬುದು ಒಂದು ರೋಗದ ಹೆಸರಲ್ಲ. ಅದು ಜ್ವರ ಇದ್ದಂತೆ. ಮೈ ಬಿಸಿಯಾದದ್ದು ನೆಗಡಿಯಿಂದಲೂ ಇರಬಹುದು, ಗಾಯದ ಕೀವಿನಿಂದಲೂ ಇರಬಹುದು. ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ನುಂಗಿಸುವುದಿಲ್ಲವಷ್ಟೆ? ಹಾಗೆಯೇ ಎಲ್ಲ ಹಳದಿಗೂ ಒಂದೇ ಗೊಬ್ಬರ ಸಲ್ಲದು.

ಹಾಗಾದರೆ ಕಾರಣವನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಪ್ರಯೋಗಶಾಲೆ ಬೇಡ. ಮೂರು ಕಡೆ ನೋಡಿದರೆ ಸಾಕು. ಮೊದಲು ಮಣ್ಣು ಮತ್ತು ಬೇರು. ಎರಡನೆಯದಾಗಿ, ಯಾವ ಎಲೆ ಮೊದಲು ಹಳದಿಯಾಯಿತು ಎಂಬುದು. ಮೂರನೆಯದಾಗಿ, ಎಲೆಯ ಕೆಳಮೈ. ಈ ವರಸೆಯನ್ನು ತಪ್ಪಿಸಬೇಡಿ.

ಮಣ್ಣಿನಿಂದ ಶುರು ಮಾಡೋಣ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಕುಂಡದ ಮಣ್ಣಿನಲ್ಲಿ ಇಳಿಸಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರಬಹುದು. ಬೆರಳಿಗೆ ಮಣ್ಣು ಮೆತ್ತಿಕೊಂಡರೆ ಅವತ್ತು ನೀರು ಬೇಡ. ಮಣ್ಣಿನ ಕುಂಡವಾದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಒಣಗಿದ್ದರೆ ಟಣ್ ಎನ್ನುತ್ತದೆ, ಒದ್ದೆಯಿದ್ದರೆ ದಬ್ ಎನ್ನುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಈ ಪರೀಕ್ಷೆ ನಡೆಯದು. ಅದನ್ನು ಎತ್ತಿ ನೋಡಿ, ಭಾರವೇ ಹೇಳುತ್ತದೆ.

ಇಲ್ಲೊಂದು ಮೋಸವಿದೆ, ಕಿವಿಗೊಟ್ಟು ಕೇಳಿ. ನೀರು ಹೆಚ್ಚಾದ ಗಿಡವೂ ಬಾಡುತ್ತದೆ, ನೀರಿಲ್ಲದ ಗಿಡವೂ ಬಾಡುತ್ತದೆ. ನೋಡುವುದಕ್ಕೆ ಎರಡೂ ಒಂದೇ ಥರ. ಏಕೆಂದರೆ ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದಿನಲ್ಲಿ ಗಾಳಿ ಇರುತ್ತದೆ, ಆ ಗಾಳಿಯ ಆಮ್ಲಜನಕವನ್ನು ಬೇರು ತೆಗೆದುಕೊಳ್ಳುತ್ತದೆ. ನೀರು ನಿಂತರೆ ಆ ಸಂದುಗಳೆಲ್ಲ ತುಂಬಿ ಗಾಳಿ ಹೊರಟುಹೋಗುತ್ತದೆ. ಮೊದಲು ಬೇರಿನ ಎಳೆಯ ತುದಿ ಸಾಯುತ್ತದೆ. ಸತ್ತ ಬೇರಿಗೆ ಕೊಳೆಯಿಸುವ ಬೂಷ್ಟು ಹತ್ತುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಹೀಗೆ ನೀರಿನಲ್ಲೇ ನಿಂತುಕೊಂಡು ಗಿಡ ಬಾಯಾರಿ ಬಾಡುತ್ತದೆ. ನಾವು ಬಾಡಿದೆ ಎಂದು ಮತ್ತೊಂದು ಚೊಂಬು ನೀರು ಸುರಿಯುತ್ತೇವೆ. ಗಿಡಕ್ಕೆ ನೀರಿಲ್ಲದೆ ಸಾವು ಬರುವುದಕ್ಕಿಂತ, ಮನೆಯವರ ಅಕ್ಕರೆಯ ನೀರಿನಿಂದಲೇ ಬರುವುದನ್ನು ನಾನು ಹೆಚ್ಚು ಕಂಡಿದ್ದೇನೆ.

ಮಣ್ಣು ಒದ್ದೆಯಿದ್ದು ಎಲೆ ಹಳದಿಯಾಗಿ ಜೋತುಬಿದ್ದಿದ್ದರೆ ಬೇರನ್ನು ನೋಡಲೇಬೇಕು. ಹೆದರಬೇಡಿ, ಕಷ್ಟವೇನಲ್ಲ. ಗಿಡದ ಬುಡವನ್ನು ಬೆರಳುಗಳ ನಡುವೆ ಹಿಡಿದು, ಅಂಗೈಯನ್ನು ಮಣ್ಣಿನ ಮೇಲೆ ಹರವಿ, ಕುಂಡವನ್ನು ತಲೆಕೆಳಗು ಮಾಡಿ, ಅಂಚನ್ನು ಕಟ್ಟೆಗೆ ಮೆಲ್ಲಗೆ ತಟ್ಟಿ. ಹೆಂಟೆ ಇಡಿಯಾಗಿ ಕೈಗೆ ಬರುತ್ತದೆ. ಒಳ್ಳೆಯ ಬೇರು ಬಿಳಿಯಾಗಿ ಅಥವಾ ಕೆನೆಬಣ್ಣವಾಗಿ ಗಟ್ಟಿಯಿರುತ್ತದೆ, ಹಸಿಮಣ್ಣಿನ ವಾಸನೆ ಬರುತ್ತದೆ. ಕೊಳೆತ ಬೇರು ಕಂದು ಅಥವಾ ಕಪ್ಪಾಗಿ ಮೆತ್ತಗಿರುತ್ತದೆ. ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಉಳಿಯುತ್ತದೆ.

ಕೊಳೆತಿದ್ದರೆ ಹೀಗೆ ಮಾಡಿ. ಹಳೆಯ ಮಣ್ಣನ್ನು ಉದುರಿಸಿ, ಬೇರನ್ನು ನೀರಿನಲ್ಲಿ ಅಲುಗಾಡಿಸಿ ತೊಳೆಯಿರಿ. ಚೊಕ್ಕಟವಾದ ಹರಿತ ಕತ್ತರಿಯಿಂದ ಕಪ್ಪು ಬೇರನ್ನೆಲ್ಲ, ಬಿಳಿಯ ಭಾಗ ಕಾಣುವ ತನಕ, ಕತ್ತರಿಸಿ ಹಾಕಿ. ಬೇರಿನಲ್ಲಿ ಎಷ್ಟು ಪಾಲು ಹೋಯಿತೋ ಮೇಲಿನ ರೆಂಬೆಯಲ್ಲೂ ಸುಮಾರು ಅಷ್ಟೇ ಪಾಲನ್ನು ಸವರಿ. ದುಡಿಯುವ ಕೈ ಕಡಮೆಯಾದಾಗ ಉಣ್ಣುವ ಬಾಯಿಯೂ ಕಡಮೆಯಾಗಬೇಕು, ಅಷ್ಟೇ ಲೆಕ್ಕ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಈಗ ಸಿಗುವ ಯಂತ್ರದ ಮರಳಾದರೆ ಅದರ ಹಿಟ್ಟಿನಂಥ ದೂಳನ್ನು ತೊಳೆದು ಬಳಸಿ. ಇಲ್ಲದಿದ್ದರೆ ಆ ದೂಳೇ ಸಂದು ಮುಚ್ಚುತ್ತದೆ. ಹಸಿ ಸಗಣಿ ಮಾತ್ರ ಖಂಡಿತ ಬೇಡ.

ಕುಂಡದ ವಿಷಯದಲ್ಲಿ ಎರಡು ಮಾತು. ಬೇರು ಕಡಮೆಯಿರುವಾಗ ದೊಡ್ಡ ಕುಂಡಕ್ಕೆ ಹಾಕಬೇಡಿ. ಬೇರಿಲ್ಲದ ಕಡೆಯ ಮಣ್ಣು ಬಹಳ ದಿನ ಒದ್ದೆಯಾಗಿಯೇ ಇರುತ್ತದೆ. ಇನ್ನೊಂದು, ತಳದಲ್ಲಿ ಒಂದು ಗೇಣು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಿಂದೆ ನಾವೂ ಹಾಗೆಯೇ ಹೇಳುತ್ತಿದ್ದೆವು. ಅದು ಸರಿಯಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ. ಬೇರಿಗೆ ಸಿಗುವ ಜಾಗವೂ ಅಷ್ಟು ಕಡಮೆಯಾಗುತ್ತದೆ. ಮಣ್ಣು ಸೋರಿಹೋಗದಂತೆ ತೂತಿನ ಮೇಲೆ ಬೋರಲಾಗಿ ಒಂದು ಹೆಂಚಿನ ಚೂರು ಇಟ್ಟರೆ ಸಾಕು. ಡಬ್ಬಿಯಾದರೆ ಕಿರುಬೆರಳು ತೂರುವಷ್ಟು ದಪ್ಪದ ಐದಾರು ತೂತುಗಳಿರಲಿ. ಕೆಳಗೆ ಎರಡು ಇಟ್ಟಿಗೆ ಚೂರು ಕೊಟ್ಟು ಕುಂಡವನ್ನು ನೆಲದಿಂದ ಎತ್ತಿಡಿ. ಅಡಿಯಲ್ಲಿ ತಟ್ಟೆ ಇಡುವ ಅಭ್ಯಾಸವಿದ್ದವರು ಅದರಲ್ಲಿ ನಿಂತ ನೀರನ್ನು ಆಗಾಗ ಚೆಲ್ಲಿಬಿಡಿ.

ನೆಟ್ಟ ಮೇಲೆ ಒಂದು ಸಲ ತಳದಿಂದ ನೀರು ಬರುವ ತನಕ ಹಾಕಿ ಹತ್ತು ದಿನ ನೆರಳಿನಲ್ಲಿಡಿ. ಕೊಳೆ ಹೆಚ್ಚಾಗಿ ಕಂಡಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಪುಡಿಯನ್ನು ಲೀಟರು ನೀರಿಗೆ ಎರಡೂವರೆ ಗ್ರಾಂನಂತೆ ಕದಡಿ ಬುಡಕ್ಕೆ ಒಮ್ಮೆ ಸುರಿಯಬಹುದು. ಅದು ಔಷಧಿ, ಮಕ್ಕಳ ಕೈಗೆ ಸಿಗದಂತಿರಲಿ, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಹತ್ತು ದಿನದ ನಂತರ ಬೆಳಗಿನ ಬಿಸಿಲು, ಆಮೇಲೆ ಪೂರಾ ಬಿಸಿಲು. ಹೊಸ ಚಿಗುರು ಕಾಣುವ ತನಕ ಯಾವ ಗೊಬ್ಬರವೂ ಬೇಡ. ಲಂಘನ ಮಾಡಿಸಿದ ರೋಗಿಗೆ ಮೊದಲು ಗಂಜಿ, ಆಮೇಲೆ ಅನ್ನ.

ಬೇರನ್ನು ಹೊರಗೆ ತೆಗೆದಾಗ ಇನ್ನೆರಡು ಸಂಗತಿಗಳು ಕಾಣಿಸಬಹುದು. ಒಂದು, ಬೇರು ಕೊಳೆತಿಲ್ಲ, ಆದರೆ ಕುಂಡದ ಸುತ್ತ ಸಿಂಬೆಯಂತೆ ಸುತ್ತಿಕೊಂಡು ಮಣ್ಣೇ ಕಾಣದಂತಾಗಿದೆ. ಇಂಥ ಕುಂಡಕ್ಕೆ ನೀರು ಹಾಕಿದರೆ ಸರ್ರನೆ ತಳದಿಂದ ಹೊರಟುಹೋಗುತ್ತದೆ. ಆಗ ಹೊರಸುತ್ತಿನ ಬೇರನ್ನು ಸ್ವಲ್ಪ ಸವರಿ, ಒಂದು ಅಳತೆ ದೊಡ್ಡ ಕುಂಡಕ್ಕೆ ಹೊಸ ಮಣ್ಣಿನಲ್ಲಿ ನೆಡಬೇಕು. ಎರಡು, ಬೇರಿನ ಮೇಲೆ ಮಣಿ ಪೋಣಿಸಿದಂತೆ ಗಂಟುಗಳಿವೆ. ಅದು ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ. ಆ ಮಣ್ಣನ್ನು ಬೇರೆ ಗಿಡಗಳ ಹತ್ತಿರ ಚೆಲ್ಲಬೇಡಿ. ಗಂಟಿನ ಬೇರನ್ನು ಕತ್ತರಿಸಿ ಸುಟ್ಟು, ಹೊಸ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೆಡಿ.

ಸರಿ, ಬೇರು ಚೆನ್ನಾಗಿದೆ, ನೀರೂ ಹದವಾಗಿದೆ, ಆದರೂ ಎಲೆ ಹಳದಿ ಎನ್ನುತ್ತೀರಾ? ಈಗ ಎರಡನೆಯ ಪರೀಕ್ಷೆ. ಯಾವ ಎಲೆ ಮೊದಲು ಹಳದಿಯಾಯಿತು, ಬುಡದ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ?

ಇದರ ಗುಟ್ಟು ಸರಳವಾಗಿದೆ. ಸಾರಜನಕವು ಗಿಡದೊಳಗೆ ಓಡಾಡಬಲ್ಲ ವಸ್ತು. ಕೊರತೆ ಬಂದಾಗ ಗಿಡವು ಹಳೆಯ ಎಲೆಯಲ್ಲಿರುವ ಸಾರಜನಕವನ್ನು ಬಿಡಿಸಿಕೊಂಡು ಎಳೆಯ ಚಿಗುರಿಗೆ ಕಳಿಸುತ್ತದೆ. ಬರಗಾಲದಲ್ಲಿ ಹಿರಿಯರು ತಮ್ಮ ತಟ್ಟೆಯದನ್ನು ಮಕ್ಕಳಿಗೆ ಬಡಿಸಿದಂತೆ. ಆದ್ದರಿಂದ ಬುಡದ ಎಲೆಗಳು ಮೊದಲು, ನರ ಸಹಿತ ಒಂದೇ ಸಮನಾಗಿ ಹಳದಿಯಾಗುತ್ತವೆ. ಕಬ್ಬಿಣವಾದರೋ ಒಂದು ಸಲ ಒಂದು ಎಲೆಗೆ ಸೇರಿದರೆ ಅಲ್ಲಿಂದ ಸುಲಭವಾಗಿ ಕದಲದು. ಅದರ ಕೊರತೆಯಾದರೆ ಹಳೆಯ ಎಲೆ ಹಸುರಾಗಿಯೇ ಇದ್ದು ತುದಿಯ ಎಳೆಯ ಎಲೆ ಹಳದಿಯಾಗುತ್ತದೆ. ಅದರಲ್ಲೂ ನರಗಳು ಮಾತ್ರ ಹಸುರಾಗಿ ಉಳಿದು, ಹಳದಿ ಬಟ್ಟೆಯ ಮೇಲೆ ಹಸುರು ದಾರದ ಕಸೂತಿ ಹಾಕಿದಂತೆ ಕಾಣುತ್ತದೆ. ಕೊರತೆ ಮುಂದುವರಿದರೆ ಎಲೆ ಬೆಳ್ಳಗೇ ಆಗಿಬಿಡುತ್ತದೆ.

ಬುಡದಿಂದ ಹಳದಿ ಏರುತ್ತಿದ್ದು, ಬೇರು ಗಟ್ಟಿಯಿದ್ದರೆ ಆಗ ಧಾರಾಳವಾಗಿ ಗೊಬ್ಬರ ಕೊಡಿ. ಆದರೆ ಕುಂಡಕ್ಕೆ ಯೂರಿಯಾಕ್ಕಿಂತ ಹಿಂಡಿ ಲೇಸು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. ಹೊಲದಲ್ಲಿ ಅದು ಹರಡಿಹೋಗುತ್ತದೆ, ಕುಂಡದ ಹಿಡಿ ಮಣ್ಣಿನಲ್ಲಿ ಹೋಗುವುದಾದರೂ ಎಲ್ಲಿಗೆ? ಸ್ವಲ್ಪ ಹೆಚ್ಚಾದರೂ ಬೇರು ಸುಡುತ್ತದೆ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರು ನೀರಿನಲ್ಲಿ ಮೂರು ನಾಲ್ಕು ದಿನ ನೆನೆಹಾಕಿ. ಆ ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ಹಾಕಿ. ವಾಸನೆ ಸ್ವಲ್ಪ ಇರುತ್ತದೆ, ಸಹಿಸಿಕೊಳ್ಳಬೇಕು. ಪೂರ್ತಿ ಹಳದಿಯಾದ ಹಳೆಯ ಎಲೆ ಮತ್ತೆ ಹಸುರಾಗುವುದಿಲ್ಲ, ಅದು ಉದುರುವುದೇ. ಗುಣವಾಯಿತೇ ಇಲ್ಲವೇ ಎಂಬುದನ್ನು ಹೊಸ ಚಿಗುರಿನಲ್ಲಿ ನೋಡಿ.

ಇನ್ನು ತುದಿಯ ಹಳದಿ, ಅಂದರೆ ಕಬ್ಬಿಣದ ಕೊರತೆ. ಮಲ್ಲಿಗೆಯಲ್ಲಿ ಇದು ಸಾಮಾನ್ಯ. ಬಯಲುಸೀಮೆಯ ಕೊಳವೆಬಾವಿಯ ಗಡುಸು ನೀರು ಹಾಕುವ ಕಡೆ, ಸುಣ್ಣದ ಅಂಶವಿರುವ ಕಪ್ಪುಮಣ್ಣಿನ ಕಡೆ ಇನ್ನೂ ಹೆಚ್ಚು. ವಿಚಿತ್ರವೇನೆಂದರೆ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇರುತ್ತದೆ. ಆದರೆ ಸುಣ್ಣ ಹೆಚ್ಚಾದಾಗ ಅದು ಕರಗದ ರೂಪಕ್ಕೆ ಹೋಗಿ ಬೇರಿಗೆ ಸಿಕ್ಕದು. ಕಣಜದಲ್ಲಿ ರಾಗಿ ಇದೆ, ಬೀಗದ ಕೈ ಇಲ್ಲ, ಹಾಗೆ. ಇದನ್ನು ನಾವೇ ಕೆಲವು ಸಲ ತಂದುಕೊಳ್ಳುತ್ತೇವೆ. ದಿನಾ ಒಲೆಯ ಬೂದಿಯನ್ನು ಕುಂಡಕ್ಕೆ ಸುರಿಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಬೂದಿಯಲ್ಲಿ ಪೊಟ್ಯಾಷ್ ಇದೆ ಎಂಬುದು ನಿಜ, ಆದರೆ ಅದು ಸುಣ್ಣದಂತೆಯೇ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಕುಂಡದೊಳಗೆ ತೊಟ್ಟಿಕ್ಕಿದ ಸುಣ್ಣ, ಮನೆ ಕಟ್ಟುವಾಗ ಬಿದ್ದ ಸಿಮೆಂಟು, ಇವೂ ಅದೇ ಕೆಲಸ ಮಾಡುತ್ತವೆ. ಬಟ್ಟೆ ಒಗೆದ ಸೋಪಿನ ನೀರಂತೂ ಬೇಡವೇ ಬೇಡ.

ಇದಕ್ಕೆ ಮದ್ದು ಅನ್ನಭೇದಿ. ಅಂಗಡಿಯವರು ಫೆರಸ್ ಸಲ್ಫೇಟ್ ಎಂದು ಕೊಡುತ್ತಾರೆ. ತಿಳಿ ಹಸುರು ಹರಳಾಗಿರಬೇಕು. ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಳ್ಳಬೇಡಿ, ಅದರ ಗುಣ ಹೋಗಿರುತ್ತದೆ. ಒಂದು ಲೀಟರು ನೀರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು, ಕರಗಿಸಿ ಅರ್ಧ ಹೋಳು ನಿಂಬೆಹಣ್ಣಿನ ರಸ ಹಿಂಡಿ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಸಾಯಂಕಾಲ ತಂಪಿನಲ್ಲಿ ಎಲೆಯ ಎರಡೂ ಮೈ ನೆನೆಯುವಂತೆ ಸಿಂಪಡಿಸಿ. ಬುಡಕ್ಕೆ ಸುರಿದರೆ ಸುಣ್ಣದ ಮಣ್ಣು ಅದನ್ನೂ ಬೀಗ ಹಾಕಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಎಲೆಗೆ ಕೊಡುವುದು. ಹಸುರು ಮರಳುವ ತನಕ ತಿಂಗಳಿಗೊಮ್ಮೆ ಹೀಗೆ ಮಾಡಿ. ಗೋಡೆಗೆ, ಬಟ್ಟೆಗೆ ಸಿಡಿದರೆ ತುಕ್ಕಿನ ಕಲೆ ಉಳಿಯುತ್ತದೆ, ಎಚ್ಚರ. ಇದರ ಜೊತೆಗೆ ಬೂದಿ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಹೆಚ್ಚಿಸಿ.

ಕರಾವಳಿಯ ಮತ್ತು ಮಲೆನಾಡಿನ ಬಾಂಧವರಿಗೆ ಈ ಸುಣ್ಣದ ತೊಂದರೆ ಅಷ್ಟಾಗಿ ಇಲ್ಲ. ಅಲ್ಲಿನ ಮುರಕಲ್ಲಿನ ಮಣ್ಣು ಹುಳಿ ಜಾತಿಯದು. ಅಲ್ಲಿ ಮಳೆಗಾಲದ ನೀರು ನಿಲ್ಲುವುದೇ ಮುಖ್ಯ ಶತ್ರು. ಆಷಾಢ ಶ್ರಾವಣಗಳಲ್ಲಿ ಕುಂಡವನ್ನು ಸೂರಿನ ನೀರು ಬೀಳುವ ಜಾಗದಿಂದ ಸರಿಸಿಡಿ. ಮಳೆಗೆ ಸತ್ವ ತೊಳೆದುಹೋದ ಇಂಥ ಮಣ್ಣಿನಲ್ಲಿ, ಹಳೆಯ ಎಲೆಯ ನರ ಹಸುರಾಗಿದ್ದು ನಡುವೆ ಹಳದಿಯಾದರೆ ಅದು ಮೆಗ್ನೀಸಿಯಂ ಕೊರತೆಯಾಗಿರಬಹುದು. ಅಂಥದಕ್ಕೆ ಎಪ್ಸಂ ಉಪ್ಪನ್ನು ಲೀಟರಿಗೆ ಒಂದು ಸಣ್ಣ ಚಮಚದಂತೆ ಕರಗಿಸಿ ಎಲೆಗೆ ಸಿಂಪಡಿಸಿದರೆ ಸಾಕು.

ಮೂರನೆಯದು ಎಲೆಯ ಕೆಳಮೈ. ಬೇಸಿಗೆಯಲ್ಲಿ ಎಲೆಯ ಮೇಲೆ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಹಳದಿ ಚುಕ್ಕೆಗಳಾಗಿ, ಆಮೇಲೆ ಎಲೆಯೆಲ್ಲ ಮಂಕಾದರೆ ಕೆಂಪು ನುಸಿಯ ಅನುಮಾನ ಪಡಿ. ಒಂದು ಬಿಳಿಯ ಕಾಗದವನ್ನು ಕೆಳಗೆ ಹಿಡಿದು ರೆಂಬೆಯನ್ನು ತಟ್ಟಿ. ಕಾಗದದ ಮೇಲೆ ಬಿದ್ದ ದೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ಅದೇ ನುಸಿ. ಮೂರು ದಿನಕ್ಕೊಮ್ಮೆ ಎಲೆಯ ಕೆಳಮೈಗೆ ರಭಸವಾಗಿ ನೀರು ಹೊಡೆದು ತೊಳೆದರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ನೀರಿನಲ್ಲಿ ಕದಡುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿ. ಸುಡುಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆಯೇ ಬೆಂದುಹೋದೀತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಮಾತು. ಎಲ್ಲ ಹಳದಿಯೂ ಕಾಯಿಲೆಯಲ್ಲ. ಚಳಿಗಾಲದಲ್ಲಿ ಮಲ್ಲಿಗೆ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಆಗ ಹಳೆಯ ಎಲೆ ಹಣ್ಣಾಗಿ ಉದುರುವುದು ಅದರ ಧರ್ಮ. ನವೆಂಬರ್ ಕೊನೆಯ ಹೊತ್ತಿಗೆ ನೀರು ಕಡಮೆ ಮಾಡಿ, ಗಿಡವನ್ನು ಬುಡದಿಂದ ಮೊಳದೆತ್ತರ ಬಿಟ್ಟು ಸವರಿ. ಒಣಗಿದ, ಹೆಣೆದುಕೊಂಡ ಕಡ್ಡಿಗಳನ್ನು ತೆಗೆಯಿರಿ. ಹೊಸ ಚಿಗುರಿನ ತುದಿಯಲ್ಲೇ ಮಲ್ಲಿಗೆ ಮೊಗ್ಗು ಹಿಡಿಯುವುದು. ಸವರದ ಗಿಡದಲ್ಲಿ ಕಡ್ಡಿ ಉದ್ದವಾಗುತ್ತದೆ, ಹೂವು ಕಡಮೆಯಾಗುತ್ತದೆ. ಹಾಗೆಯೇ ಮಲ್ಲಿಗೆಗೆ ಅರ್ಧ ದಿನದ ಬಿಸಿಲಾದರೂ ಬೇಕು. ಅಂದವಾಗಿ ಕಾಣಲೆಂದು ಕತ್ತಲೆಯ ಮೊಗಸಾಲೆಯಲ್ಲಿಟ್ಟರೆ ಒಲೆಯಿಲ್ಲದ ಅಡಿಗೆಮನೆಯಂತಾಗಿ ಎಲೆ ಬಿಳಚಿಕೊಳ್ಳುತ್ತದೆ. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ, ಕುಂಡವನ್ನು ನಾಲ್ಕು ಮಾರು ಸರಿಸುವುದೇ ಮದ್ದು.

ಆ ತಾಯಿಯ ಗಿಡದ ಕಥೆ ಏನಾಯಿತು ಎಂದು ನೀವು ಕೇಳಬಹುದು. ಬೇರು ಪೂರಾ ಹೋಗಿತ್ತು, ಗಿಡವನ್ನು ಉಳಿಸಲು ಆಗಲಿಲ್ಲ. ಆದರೆ ಮೇಲೆ ಕೆಲವು ಕಡ್ಡಿಗಳನ್ನು ಉಗುರಿನಿಂದ ಕೆರೆದಾಗ ಒಳಗೆ ಹಸುರು ಕಂಡಿತು. ತೀರ ಎಳಸೂ ಅಲ್ಲದ, ತೀರ ಬಲಿತದ್ದೂ ಅಲ್ಲದ ಆರು ಕಡ್ಡಿಗಳನ್ನು ಮೂರು ನಾಲ್ಕು ಗಿಣ್ಣು ಇರುವಂತೆ ಕತ್ತರಿಸಿದೆವು. ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಹೂತುಹೋಗುವಂತೆ ತೇವದ ಮರಳಿನಲ್ಲಿ ಊರಿ, ನೆರಳಿನಲ್ಲಿಟ್ಟೆವು. ನಾಲ್ಕು ಕಡ್ಡಿ ಒಂದೇ ವಾರದಲ್ಲಿ ಕಪ್ಪಾದವು. ಐದನೆಯದು ಚಿಗುರಿದಂತೆ ಮಾಡಿ ಸತ್ತಿತು. ಆರನೆಯದು ಒಂದೂವರೆ ತಿಂಗಳು ಏನೂ ಮಾಡದೆ ಸುಮ್ಮನೆ ನಿಂತಿತ್ತು. ಆಮೇಲೆ ಒಂದು ದಿನ ಫೋನು ಬಂತು: "ಸಾಹೇಬ್ರೆ, ಸಾಸಿವೆಯಷ್ಟು ಹಸುರು ಕಾಣ್ತಾ ಐತೆ." ಅದು ಈಗ ಇಟ್ಟಿಗೆಯ ಮೇಲೆ ಕೂರಿಸಿದ ಮಣ್ಣಿನ ಕುಂಡದಲ್ಲಿದೆ. ನಾನು ಆ ಕಡೆ ಹೋದಾಗಲೆಲ್ಲ ಬೆರಳು ಅದ್ದಿ ನೋಡಿಯೇ ಮುಂದಕ್ಕೆ ಹೋಗುವುದು.

ಇದರಿಂದ ಇನ್ನೊಂದು ಬುದ್ಧಿ ಕಲಿಯಬಹುದು. ನಿಮ್ಮ ಮನೆಯಲ್ಲೂ ಅಂಥ ನೆನಪಿನ ಗಿಡವಿದ್ದರೆ ಅದು ಚೆನ್ನಾಗಿರುವಾಗಲೇ ಎರಡು ಕಡ್ಡಿ ಊರಿ ಇನ್ನೊಂದು ಗಿಡ ಮಾಡಿಕೊಳ್ಳಿ. ಒಂದನ್ನು ನೆರೆಮನೆಗೋ ಮಗಳ ಮನೆಗೋ ಕೊಡಿ. ಒಂದೇ ಕುಂಡದಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಬೇಡಿ. ಜೂನ್‌ನಿಂದ ನವೆಂಬರ್ ತನಕ ಇದಕ್ಕೆ ಒಳ್ಳೆಯ ಕಾಲ.

ಈಗ ಕೊನೆಯದಾಗಿ, ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಹಳದಿ ಎಂಬುದು ರೋಗವಲ್ಲ, ಸುದ್ದಿ. ಮಣ್ಣು ಒದ್ದೆಯಿದ್ದು ಗಿಡ ಬಾಡಿದರೆ ನೀರು ನಿಲ್ಲಿಸಿ, ಬೇರು ನೋಡಿ. ಬೇರು ಚೆನ್ನಾಗಿದ್ದು ಬುಡದ ಎಲೆ ಹಳದಿಯಾದರೆ ಹಿಂಡಿಯ ತಿಳಿ. ತುದಿಯ ಎಲೆ ಹಳದಿಯಾಗಿ ನರ ಹಸುರಿದ್ದರೆ ಅನ್ನಭೇದಿ. ಚುಕ್ಕೆ ಚುಕ್ಕೆಯಾದರೆ ಎಲೆಯ ಕೆಳಮೈ ತಿರುಗಿಸಿ ನುಸಿ ಹುಡುಕಿ. ಯಾವುದೂ ತಿಳಿಯದಿದ್ದರೆ ಏನನ್ನೂ ಹಾಕದೆ ನಾಲ್ಕು ದಿನ ಕಾಯಿರಿ. ಕಾಯುವುದರಿಂದ ಸಾಯುವ ಗಿಡ ಕಡಮೆ, ಅವಸರದ ಗೊಬ್ಬರದಿಂದ ಸಾಯುವುದೇ ಹೆಚ್ಚು.

ಮತ್ತೆ, ನಮ್ಮಂಥವರನ್ನು ಕೇಳುವುದಾದರೆ ಬರಿಯ ಎಲೆಯ ಚಿತ್ರವನ್ನು ಕಳಿಸಬೇಡಿ. ಕುಂಡದ ಚಿತ್ರ, ಅದರ ತಳದ ಚಿತ್ರ, ಬೇರಿನ ಚಿತ್ರವನ್ನೂ ಕಳಿಸಿ. ಯಾವ ನೀರು, ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಹೇಳಿ. ಇದನ್ನೆಲ್ಲ ಕೇಳದೆ ಯಾರಾದರೂ ಔಷಧಿ ಹೇಳಿದರೆ, ಅದು ನಾನೇ ಆಗಿದ್ದರೂ ಸರಿ, "ಒಂದು ಸಲ ಬಂದು ಬೇರು ನೋಡಿ ಸಾಹೇಬ್ರೆ" ಎಂದು ಧೈರ್ಯವಾಗಿ ಹೇಳಿ.